ತೊಗಲಿನ ಊರೂ ನಾಯಿಯ ಮಲವೂ

ಚೆನ್ನೈ ಬೀಚ್ ನಿಲ್ದಾಣದಿಂದ ತಾಂಬರಂ ಕಡೆಗೆ ಹೋಗುವ ಲೋಕಲ್ ರೈಲು ಪಲ್ಲಾವರಂ ದಾಟಿದ ಮೇಲೆ ಕ್ರೋಮ್‌ಪೇಟೆಯಲ್ಲಿ ನಿಲ್ಲುತ್ತದೆ. ಆ ಹೆಸರು ದೇವರದ್ದೂ ಅಲ್ಲ, ಪಾಳೆಯಗಾರನದ್ದೂ ಅಲ್ಲ. 1912ರಲ್ಲಿ ಜಿ. ಎ. ಚೇಂಬರ್ಸ್ ಎಂಬ ಉದ್ಯಮಿ ಸ್ಥಾಪಿಸಿದ ಕ್ರೋಮ್ ಲೆದರ್ ಕಂಪನಿ ಬಿಟ್ಟುಹೋದ ಹೆಸರು ಅದು. ಕಾರ್ಖಾನೆಯ ಕಾಲ ಮುಗಿಯಿತು, ಊರಿಗೆ ಹೆಸರು ಅಂಟಿಕೊಂಡಿತು. ತೊಗಲಿನ ವ್ಯಾಪಾರ ಮದ್ರಾಸಿನ ಮೈಯಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದಕ್ಕೆ ಇಂಥ ಗುರುತುಗಳು ನಗರದ ತುಂಬ ಇವೆ.

ಅದೇ ನಗರದ ಬೆಸೆಂಟ್ ನಗರದಲ್ಲೋ ಅಣ್ಣಾ ನಗರದಲ್ಲೋ ಈಗ ಬೆಳಗಾದರೆ ಸಾಕುನಾಯಿಗಳ ಮೆರವಣಿಗೆ ಹೊರಡುತ್ತದೆ. ಲ್ಯಾಬ್ರಡಾರ್, ಶಿಟ್ಜು, ಬೀಗಲ್, ಅಲ್ಲೊಂದು ಇಲ್ಲೊಂದು ರಾಜಪಾಳಯಂ. ಹಗ್ಗ ಹಿಡಿದವರು ಯಜಮಾನರೂ ಇರಬಹುದು, ತಿಂಗಳ ಸಂಬಳದ ಮನೆಗೆಲಸದವರೂ ಇರಬಹುದು. ನಾಯಿ ಫುಟ್‌ಪಾತಿನ ಅಂಚಿಗೆ ಕೂರುತ್ತದೆ, ಎದ್ದು ಮುಂದೆ ನಡೆಯುತ್ತದೆ. ಹಿಂದೆ ಉಳಿದದ್ದನ್ನು ಯಾರು ಎತ್ತಬೇಕು ಎಂಬ ಪ್ರಶ್ನೆಗೆ ಅಪಾರ್ಟ್‌ಮೆಂಟುಗಳ ಸಭೆಗಳಲ್ಲಿ ಗಂಟೆಗಟ್ಟಲೆ ಜಗಳ ನಡೆಯುತ್ತದೆ. ಆ ಹೊತ್ತಿಗೆ ಬೀದಿ ಗುಡಿಸುವ ಹೆಂಗಸು ಅದನ್ನು ಎತ್ತಿ ಆಗಿರುತ್ತದೆ.

ಈ ಎರಡು ದೃಶ್ಯಗಳಿಗೆ ನಂಟಿದೆ. ನಾಯಿಯ ಮಲಕ್ಕೆ ಬಕೆಟ್ಟಿನ ಲೆಕ್ಕದಲ್ಲಿ ದುಡ್ಡು ಸಿಗುತ್ತಿದ್ದ ಕಾಲವೊಂದಿತ್ತು. ಕೊಳ್ಳುತ್ತಿದ್ದವರು ಚರ್ಮ ಹದ ಮಾಡುವವರು. ಆಗ ಅದನ್ನು ಹೆಕ್ಕಲು ಜನ ಪೈಪೋಟಿ ನಡೆಸುತ್ತಿದ್ದರು. ರಸಾಯನ ವಿಜ್ಞಾನ ಆ ಬೇಡಿಕೆಯನ್ನು ಅಳಿಸಿಹಾಕಿದ ದಿನದಿಂದ ಅದು ಯಾರಿಗೂ ಬೇಡದ ವಸ್ತುವಾಯಿತು. ಬೇಡದ್ದೆಲ್ಲ ಕೊನೆಗೆ ಯಾರ ಕೈಗೆ ಬರುತ್ತದೆ ಎಂಬುದು ನಮ್ಮ ಸಮಾಜದಲ್ಲಿ ಮೊದಲೇ ತೀರ್ಮಾನವಾಗಿರುವ ಸಂಗತಿ.

ಚರ್ಮಕ್ಕೆ ನಾಯಿಯ ಮಲ ಏಕೆ ಬೇಕಿತ್ತು? ಹಸಿ ತೊಗಲಿನ ಕೂದಲು ಉದುರಿಸಲು ಅದನ್ನು ಸುಣ್ಣದ ಗುಂಡಿಯಲ್ಲಿ ದಿನಗಟ್ಟಲೆ ನೆನೆಸುತ್ತಾರೆ. ಸುಣ್ಣದಿಂದ ಎತ್ತಿದ ತೊಗಲು ಉಬ್ಬಿ, ಬಿರುಸಾಗಿ, ನೀರು ಕುಡಿದ ರಬ್ಬರಿನಂತೆ ಪುಟಿಯುತ್ತದೆ. ಹಾಗೆಯೇ ಹದಕ್ಕೆ ಹಾಕಿದರೆ ಒರಟು ಚರ್ಮ ಸಿಗುತ್ತದೆ. ಚಪ್ಪಲಿಯ ಅಟ್ಟೆಗೆ ಅದು ಸಾಕು, ಕೈಗವಸಿಗೂ ಪುಸ್ತಕದ ರಟ್ಟಿಗೂ ಹೆಂಗಸರ ನಯವಾದ ಬೂಟಿಗೂ ಆಗುವುದಿಲ್ಲ. ಮೇಕೆ, ಕುರಿಯ ತೆಳು ತೊಗಲನ್ನು ಬಗ್ಗಿಸಿ ಮೆತ್ತಗಾಗಿಸಲು ಅದರೊಳಗಿನ ಸುಣ್ಣ ಹೊರಬರಬೇಕು, ನಾರಿನ ನಡುವೆ ಉಳಿದ ಬೇಡದ ಪ್ರೋಟೀನು ಕರಗಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ನಾಯಿಯ ಮಲ ಕಲಸಿ ತೊಗಲನ್ನು ಅದರಲ್ಲಿ ಮುಳುಗಿಸಿದರೆ ಕೆಲವೇ ಗಂಟೆಗಳಲ್ಲಿ ಈ ಕೆಲಸ ಆಗುತ್ತಿತ್ತು. ಬೆರಳಿನಿಂದ ಒತ್ತಿದರೆ ಗುರುತು ಉಳಿಯುವಷ್ಟು ತೊಗಲು ಸೋಲುತ್ತಿತ್ತು. ಹೆಚ್ಚು ಹೊತ್ತು ಬಿಟ್ಟರೆ ಕೊಳೆತು ತೂತು ಬೀಳುತ್ತಿತ್ತು. ಯಾವ ಗಳಿಗೆಯಲ್ಲಿ ಎತ್ತಬೇಕು ಎಂಬುದು ಅನುಭವಿಯ ಕೈಗೆ ಮಾತ್ರ ಗೊತ್ತಾಗುತ್ತಿತ್ತು. ಮೊರೊಕ್ಕೊದ ಫೆಜ್ ನಗರದ ಹಳೆಯ ಹದಗೇರಿಯಲ್ಲಿ ಇದೇ ಕೆಲಸಕ್ಕೆ ಪಾರಿವಾಳದ ಹಿಕ್ಕೆ ಇಂದಿಗೂ ಬಳಕೆಯಲ್ಲಿದೆ.

ಕಸುಬು ಹಳೆಯದು. ಕ್ರಿ.ಶ. 200ರ ಸುಮಾರಿಗೆ ಒಪ್ಪವಾದ ಯಹೂದಿ ಧರ್ಮಶಾಸ್ತ್ರ ಮಿಶ್ನಾ, ಗಂಡನನ್ನು ಬಿಡಲು ಹೆಂಡತಿಗೆ ಯಾವ ಯಾವ ಕಾರಣ ಸಾಕು ಎಂದು ಪಟ್ಟಿ ಮಾಡುತ್ತದೆ. ಅದರಲ್ಲಿ ಚರ್ಮ ಹದ ಮಾಡುವವನಿದ್ದಾನೆ, ಹೆಕ್ಕುವವನೊಬ್ಬನೂ ಇದ್ದಾನೆ. ಹೆಕ್ಕುವವನೆಂದರೆ ನಾಯಿಯ ಮಲ ಹೆಕ್ಕುವವನು ಎಂದು ಮುಂದಿನ ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ. ಮದುವೆಗೆ ಮೊದಲೇ ಒಪ್ಪಿಕೊಂಡಿದ್ದರೂ ವಾಸನೆ ತಾಳಲಾರೆ ಎಂದು ಹೆಣ್ಣು ಹೇಳಬಹುದೇ ಎಂಬುದರ ಬಗ್ಗೆ ಅಲ್ಲಿ ಗಂಭೀರ ಚರ್ಚೆಯಿದೆ. ಹದಿನೆಂಟು ಶತಮಾನಗಳ ಹಿಂದೆಯೇ ಇದು ಒಬ್ಬ ಮನುಷ್ಯನ ವೃತ್ತಿ ಎನಿಸಿಕೊಂಡಿತ್ತು.

ಈ ವೃತ್ತಿಯ ಅತ್ಯಂತ ವಿವರವಾದ ಚಿತ್ರ ಸಿಗುವುದು ಲಂಡನ್ನಿನಲ್ಲಿ. ಪತ್ರಕರ್ತ ಹೆನ್ರಿ ಮೇಹ್ಯೂ 1849ರಿಂದ ನಗರದ ಬಡವರನ್ನು ಒಬ್ಬೊಬ್ಬರಾಗಿ ಮಾತನಾಡಿಸಿ ಬರೆದ ಲೇಖನಗಳು 1851ರಲ್ಲಿ ಪುಸ್ತಕವಾಗಿ ಬಂದವು. ಅವುಗಳಲ್ಲಿ ‘ಪ್ಯೂರ್’ ಹೆಕ್ಕುವವರಿಗೆಂದೇ ಒಂದು ಭಾಗವಿದೆ. ಹದಗಾರರು ನಾಯಿಯ ಮಲವನ್ನು ಕರೆಯುತ್ತಿದ್ದದ್ದು ಹಾಗೆ. ಥೇಮ್ಸ್ ನದಿಯ ದಕ್ಷಿಣಕ್ಕಿರುವ ಬರ್ಮಂಡ್ಸಿಯಲ್ಲಿ ಆಗ ಸುಮಾರು 30 ಹದಗೇರಿಗಳಿದ್ದವು. ಮುಚ್ಚಳದ ಬುಟ್ಟಿಯೊಂದನ್ನು ಹಿಡಿದು ಬೆಳಕು ಹರಿಯುವ ಮೊದಲೇ ಬೀದಿಗಿಳಿದು, ತುಂಬಿದ ಬಕೆಟ್ಟನ್ನು ಅಲ್ಲಿಗೆ ಮಾರಿ ಬದುಕುವ ಇನ್ನೂರು ಮುನ್ನೂರು ಜನರಿದ್ದರು. ಬಕೆಟ್ಟಿಗೆ ಎಂಟರಿಂದ ಹತ್ತು ಪೆನ್ಸ್, ಒಳ್ಳೆಯ ಮಾಲಾದರೆ ಒಂದು ಶಿಲಿಂಗಿಗೂ ಮೇಲೆ. ಒಣಗಿ ಸುಣ್ಣದಂತೆ ಬೆಳ್ಳಗಾದದ್ದಕ್ಕೆ ಹೆಚ್ಚು ಬೆಲೆ. ಹಳೆಯ ಗೋಡೆಯ ಗಾರೆಯನ್ನು ಪುಡಿಮಾಡಿ ಬೆರೆಸಿ ಮೋಸ ಮಾಡುವವರೂ ಇದ್ದರು ಎಂದರೆ ಅದು ನಿಜವಾದ ಸರಕೇ ಆಗಿತ್ತು. ಮೇಹ್ಯೂ ಕಂಡವರಲ್ಲಿ ಬಹಳಷ್ಟು ಜನ ಮುದುಕ ಮುದುಕಿಯರು. ಬೇರೆ ಕೆಲಸ ಸಿಗದೆ, ವರ್ಕ್‌ಹೌಸ್ ಎಂಬ ಬಡವರ ದುಡಿಮೆಮನೆಯ ಗೇಟು ಹೊಗಲು ಮನಸ್ಸೊಪ್ಪದೆ ಈ ದಾರಿ ಹಿಡಿದವರು. ಅವರ ಬಡತನವನ್ನು ಓದಿದರೆ ಇಂದಿಗೂ ಕರುಳು ಹಿಂಡುತ್ತದೆ. ಆದರೂ ಅವರು ಎತ್ತಿದ ಪ್ರತಿ ಬುಟ್ಟಿಗೆ ಕೂಲಿಯಿತ್ತು ಎಂಬುದನ್ನು ಮರೆಯುವಂತಿಲ್ಲ.

ಅದೇ ಬರ್ಮಂಡ್ಸಿಯ ಸಂತೆಗೆ ಮದ್ರಾಸಿನ ತೊಗಲು ಹಡಗೇರಿ ಹೋಗುತ್ತಿತ್ತು.

ಮದ್ರಾಸು ಪ್ರಾಂತದ ಹದದ ಜೀವಾಳ ಒಂದು ಪೊದೆ. ಬಯಲುಸೀಮೆಯ ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ತಂಗಡಿ. ಕೆಲವು ಕಡೆ ಅದನ್ನು ಆವರಿಕೆ ಎನ್ನುತ್ತಾರೆ, ತಮಿಳರಿಗೆ ಅದು ಆವಾರಂ. ಅದರ ತೊಗಟೆಯ ರಸದಲ್ಲಿ ತೊಗಲನ್ನು ಹದ ಮಾಡಿ, ಬಿಸಿಲಿಗೆ ಕೆಂಪಾಗದಿರಲೆಂದು ಕೊನೆಯಲ್ಲಿ ಅಳಲೆಕಾಯಿಯ ನೀರು ಕಾಣಿಸಿ, ಎಣ್ಣೆ ಸವರಿ ಒಣಗಿಸುವುದು ಇಲ್ಲಿನ ರೀತಿ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಾರಿಷಸ್‌ನಿಂದ ಬಂದ ದ ಸೂಸ ಎಂಬ ಯುರೇಷಿಯನ್ ಹದಗಾರ ಈ ಊರಿನ ಪದ್ಧತಿಯನ್ನು ತಿದ್ದಿ ರಫ್ತಿಗೆ ತಕ್ಕ ಮಾಲು ತಯಾರಿಸುವುದನ್ನು ಕಲಿಸಿದ ಎಂದು ಆ ಕಾಲದ ವರದಿಗಳು ಹೇಳುತ್ತವೆ. ನಂತರದ ದಶಕಗಳಲ್ಲಿ ಮದ್ರಾಸಿನ ಪೆರಿಯಮೇಟು ತೊಗಲಿನ ಮಂಡಿಗಳ ಕೇಂದ್ರವಾಯಿತು. ಜಮಾಲ್ ಮೊಹಮ್ಮದ್ ಅವರಂಥ ತಮಿಳು ಮುಸ್ಲಿಂ ವರ್ತಕರು ಈ ವ್ಯಾಪಾರದಲ್ಲಿ ದೊಡ್ಡ ಹೆಸರು ಮಾಡಿದರು. 1917ರಲ್ಲಿ ವರ್ತಕರದೇ ಸಂಘ ಹುಟ್ಟಿತು. ‘ಈಸ್ಟ್ ಇಂಡಿಯಾ ಕಿಪ್’ ಎಂಬ ಹೆಸರಿನಲ್ಲಿ ಲಂಡನ್ನಿನ ಹರಾಜಿಗೆ ಬರುತ್ತಿದ್ದ ಅರೆಹದದ ದನದ ತೊಗಲಿಗೆ ಮೊದಲ ಮಹಾಯುದ್ಧದಲ್ಲಿ ಎಂಥ ಗಿರಾಕಿ ಬಂತೆಂದರೆ, ಸೈನಿಕರ ಬೂಟಿನ ಮೇಲ್ಭಾಗಕ್ಕೆ ಬೇಕೆಂದು 1916ರ ಹೊತ್ತಿಗೆ ಸರಕಾರವೇ ಕೊಳ್ಳುವಿಕೆಯನ್ನು ಕೈಗೆತ್ತಿಕೊಂಡಿತು.

ಮದ್ರಾಸಿನ ಗುಂಡಿಗಳಲ್ಲಿ ತಂಗಡಿ, ಲಂಡನ್ನಿನ ತೊಟ್ಟಿಗಳಲ್ಲಿ ನಾಯಿಮಲ. ಒಂದೇ ವ್ಯಾಪಾರದ ಎರಡು ತುದಿ. ಇಲ್ಲಿ ಸುಣ್ಣದ ಗುಂಡಿಗೆ ಇಳಿಯುತ್ತಿದ್ದವರು ದಲಿತರು, ಅಲ್ಲಿ ಬೀದಿ ಹೆಕ್ಕುತ್ತಿದ್ದವರು ಕೂಲಿ ತಪ್ಪಿದ ಮುದುಕರು. ಎರಡೂ ಕಡೆ ನಡುವೆ ಕೂತು ಲಾಭ ಎಣಿಸಿದವರಿಗೆ ವಾಸನೆ ತಾಗಲಿಲ್ಲ.

ಹದದ ಕೆಲಸಕ್ಕೆ ಅಂಟಿದ ಮೈಲಿಗೆಯ ಕಥೆ ಕನ್ನಡದ ಓದುಗರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ನಡುವೆ ಡೋಹರ ಕಕ್ಕಯ್ಯ ಕೂತಾಗ, ತೊಗಲು ಹದ ಮಾಡುವ ಕೈ ಲಿಂಗ ಹಿಡಿಯಿತು. ಅದೊಂದು ದೊಡ್ಡ ನಡೆ. ಊರುಗಳು ಆ ನಡೆಯನ್ನು ಮುಂದುವರಿಸಲಿಲ್ಲ. ಹದಗೇರಿಗಳು ಊರಾಚೆಯೇ ಉಳಿದವು.

ನಾಯಿಮಲದ ವ್ಯಾಪಾರ ಮುಗಿದ ಕಥೆಗೆ ಇಸವಿಗಳೂ ಸಾಕ್ಷಿಗಳೂ ಇವೆ. ನಾಟಿಂಗ್‌ಹ್ಯಾಮಿನ ಚರ್ಮದ ಕಾರ್ಖಾನೆಯೊಂದರಲ್ಲಿದ್ದ ರಸಾಯನ ತಜ್ಞ ಜೋಸೆಫ್ ಟರ್ನಿ ವುಡ್ ಈ ಕೊಳಕು ತೊಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗೆ ತಂದ. ಮಲದಲ್ಲಿರುವ ಬ್ಯಾಕ್ಟೀರಿಯಾಗಳೂ ಅವು ಬಿಡುವ ಕಿಣ್ವಗಳೂ ಚರ್ಮವನ್ನು ಮೆತ್ತಗಾಗಿಸುತ್ತವೆ ಎಂದು ತೋರಿಸಿದ. 1912ರಲ್ಲಿ ಆ ಕುರಿತೇ ಒಂದು ಪುಸ್ತಕ ಬರೆದ. ಅಷ್ಟರಲ್ಲಿ ಜರ್ಮನಿಯ ಒಟ್ಟೊ ರೋಮ್ ಒಂದು ಹೆಜ್ಜೆ ಮುಂದೆ ಹೋಗಿದ್ದ. ಸ್ಟುಟ್‌ಗಾರ್ಟಿನ ಅನಿಲ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಅವನಿಗೆ ಹದಗೇರಿಯ ನಾತ ಅಲ್ಲಿನ ಅನಿಲ ತೊಳೆದ ನೀರಿನ ವಾಸನೆಯನ್ನೇ ನೆನಪಿಸಿತಂತೆ. ಆ ನೀರನ್ನೇ ಮಲದ ಬದಲು ಬಳಸಲು ಹೋದ ಪ್ರಯತ್ನ ಕೈಕೊಟ್ಟಿತು. ಮತ್ತೆ ಯೋಚಿಸಿದಾಗ ನಾಯಿಯ ಹೊಟ್ಟೆಯಲ್ಲಿ ಮಾಂಸವನ್ನು ಕರಗಿಸುವುದು ಮೇದೋಜೀರಕ ಗ್ರಂಥಿಯ ಕಿಣ್ವ ಎಂಬುದು ಹೊಳೆಯಿತು. ಕಸಾಯಿಖಾನೆಯಲ್ಲಿ ಸಿಗುವ ಆ ಗ್ರಂಥಿಯನ್ನೇ ತಂದು ಪುಡಿ ತಯಾರಿಸಿದ. ‘ಒರೊಪಾನ್’ ಎಂದು ಹೆಸರಿಟ್ಟ. 1907ರಲ್ಲಿ ಗೆಳೆಯ ಒಟ್ಟೊ ಹಾಸ್ ಜೊತೆ ಸೇರಿ ಕಂಪನಿ ತೆರೆದ. 1909ರಲ್ಲಿ ಹಾಸ್ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಗಿ ಅಂಗಡಿ ಇಟ್ಟ.

ಫಿಲಡೆಲ್ಫಿಯಾವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದು ಆಗ ಮೇಕೆ ಚರ್ಮದ ರಾಜಧಾನಿ. 1884ರಲ್ಲಿ ಆಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಲವಣದಿಂದ ಚರ್ಮ ಹದ ಮಾಡುವ ಪೇಟೆಂಟ್ ಪಡೆದ ಮೇಲೆ ಅಮೆರಿಕದ ಕಾರ್ಖಾನೆಗಳು ಮದ್ರಾಸಿನ ಹದಮಾಡಿದ ತೊಗಲನ್ನು ಬಿಟ್ಟು ಹಸಿ ಮೇಕೆ ತೊಗಲನ್ನೇ ತರಿಸಿಕೊಳ್ಳತೊಡಗಿದವು. ಇಲ್ಲಿನ ಹದಗೇರಿಗಳಿಗೆ ಅದು ದೊಡ್ಡ ಪೆಟ್ಟು. ಆ ಪೆಟ್ಟಿಗೆ ಉತ್ತರವಾಗಿಯೇ ಮದ್ರಾಸಿನಲ್ಲಿ ಆಲ್‌ಫ್ರೆಡ್ ಚಾಟರ್‌ಟನ್ ಕ್ರೋಮ್ ಪ್ರಯೋಗಕ್ಕೆ ಇಳಿದದ್ದು. ಎಂಜಿನಿಯರಿಂಗ್ ಕಾಲೇಜಿನ ಮೇಷ್ಟರಾಗಿದ್ದ ಅವರು 1903ರ ಸುಮಾರಿಗೆ ಕಲಾಶಾಲೆಯ ಆವರಣದಲ್ಲಿ ಕೆಲಸ ಶುರುಮಾಡಿದರು. ಅವರ ಮೊದಲ ಗುರಿ ಫ್ಯಾಷನ್ ಬೂಟು ಆಗಿರಲಿಲ್ಲ, ರೈತರ ಕಪಿಲೆ ಬಾವಿ. ನೀರೆತ್ತುವ ತೊಗಲಿನ ಚೀಲ ಹಳೆಯ ಹದದಲ್ಲಿ ಬೇಗ ಕೊಳೆಯುತ್ತಿತ್ತು. ಕ್ರೋಮ್ ಚರ್ಮ ನೀರಿಗೆ ಜಗ್ಗುವುದಿಲ್ಲ. ಕೆಲಸ ಕೈಗೂಡುತ್ತಿದ್ದಾಗಲೇ, ಸರಕಾರ ಕಾರ್ಖಾನೆ ನಡೆಸಕೂಡದು ಎಂದು 1910ರಲ್ಲಿ ಲಂಡನ್ನಿನಿಂದ ಭಾರತ ವ್ಯವಹಾರಗಳ ಮಂತ್ರಿ ಲಾರ್ಡ್ ಮಾರ್ಲಿ ತಡೆ ಹಾಕಿದರು. ಎರಡೇ ವರ್ಷದಲ್ಲಿ ಚಾಟರ್‌ಟನ್ ಮೈಸೂರಿಗೆ ಬಂದರು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಗಂಧದೆಣ್ಣೆಯ ಕಾರ್ಖಾನೆಯ ಹುಟ್ಟಿಗೂ ಕಾರಣರಾದರು. ಮದ್ರಾಸು ಕಳೆದುಕೊಂಡದ್ದನ್ನು ಮೈಸೂರು ಗಳಿಸಿತು ಎನ್ನಲು ಅಡ್ಡಿಯಿಲ್ಲ.

ಕಿಣ್ವದ ಪುಡಿ ಬಂದ ಮೇಲೆ ಮಲದ ಬಕೆಟ್ಟಿಗೆ ಗಿರಾಕಿ ಉಳಿಯಲಿಲ್ಲ. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಅಡ್ಯಾರಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಶುರುವಾಯಿತು. ವೈ. ನಾಯುಡಮ್ಮ ಅವರ ನಾಯಕತ್ವದಲ್ಲಿ ಅದು ಜಗತ್ತಿನ ದೊಡ್ಡ ಚರ್ಮ ಪ್ರಯೋಗಾಲಯಗಳಲ್ಲಿ ಒಂದಾಗಿ ಬೆಳೆಯಿತು. ಸುಣ್ಣವನ್ನೂ ಮಲವನ್ನೂ ದೂರವಿಟ್ಟು ಕಿಣ್ವಗಳಿಂದಲೇ ತೊಗಲಿನ ಕೂದಲು ತೆಗೆಯುವ, ಮೆತ್ತಗಾಗಿಸುವ ದಾರಿಗಳನ್ನು ಅಲ್ಲಿನ ವಿಜ್ಞಾನಿಗಳು ದಶಕಗಟ್ಟಲೆ ಹುಡುಕಿದರು. ನಾಯುಡಮ್ಮ 1985ರ ಜೂನಿನಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನ ಸ್ಫೋಟದಲ್ಲಿ ತೀರಿಕೊಂಡರು. ಹದಗೇರಿಯ ಕೂಲಿಯವನ ಕೈಯಿಂದ ಕೊಳಕನ್ನು ದೂರ ಮಾಡುವುದು ವಿಜ್ಞಾನದ ಕೆಲಸ ಎಂದು ನಂಬಿದ ತಲೆಮಾರಿನವರು ಅವರು.

ಇನ್ನು ಮದ್ರಾಸಿನ ನಾಯಿಗಳ ಮಾತು.

1688ರಲ್ಲಿ ಹುಟ್ಟಿದ ಮದ್ರಾಸು ಪಾಲಿಕೆ ದೇಶದ ಅತಿ ಹಳೆಯ ನಗರಪಾಲಿಕೆ. ಬೀದಿನಾಯಿಗಳನ್ನು ಹಿಡಿದು ಕೊಲ್ಲುವ ಕೆಲಸವನ್ನು ಅದು 1860ರಲ್ಲಿ ಆರಂಭಿಸಿತು ಎಂದು ಪ್ರಾಣಿದಯೆಯ ಸಂಸ್ಥೆ ಬ್ಲೂ ಕ್ರಾಸ್‌ನ ಚಿನ್ನಿ ಕೃಷ್ಣ ಬರೆದಿದ್ದಾರೆ. ಆಗ ದಿನಕ್ಕೆ ಒಂದು ನಾಯಿಯೂ ಸಾಯುತ್ತಿರಲಿಲ್ಲ. 1990ರ ದಶಕದ ನಡುವೆ ಆ ಸಂಖ್ಯೆ ದಿನಕ್ಕೆ 135ರವರೆಗೂ ಮುಟ್ಟಿತು. ಹಿಡಿದ ನಾಯಿಗಳಿಗೆ ವಿದ್ಯುತ್ ಹಾಯಿಸುತ್ತಿದ್ದರು. ನೂರಮೂವತ್ತು ವರ್ಷ ಕೊಂದರೂ ನಾಯಿಗಳು ಕಡಿಮೆಯಾಗಲಿಲ್ಲ. ಕಸದ ತೊಟ್ಟಿ ತುಂಬಿರುವವರೆಗೆ ಖಾಲಿಯಾದ ಬೀದಿಗೆ ಪಕ್ಕದ ಬೀದಿಯ ನಾಯಿ ಬಂದೇ ಬರುತ್ತದೆ. 1970ರ ದಶಕದ ಆರಂಭದಲ್ಲಿ ಸತ್ತ ನಾಯಿಗಳು ಎಷ್ಟಿದ್ದವೆಂದರೆ, ಅವುಗಳ ತೊಗಲಿನಿಂದ ಟೈ, ಪರ್ಸು ಮಾಡುವ ವಿನ್ಯಾಸಗಳನ್ನು ಅದೇ ಅಡ್ಯಾರಿನ ಚರ್ಮ ಸಂಸ್ಥೆ ರೂಪಿಸಿತ್ತು. ಒಂದು ಕಾಲದಲ್ಲಿ ನಾಯಿಯ ಮಲ ತೊಗಲಿಗೆ ಬೇಕಾಗಿತ್ತು, ಈಗ ನಾಯಿಯೇ ತೊಗಲಾಯಿತು. ಈ ವಿಷಯ ಹೊರಗೆ ಬಂದದ್ದು ಪ್ರಾಣಿದಯೆಯ ಚಳವಳಿಗೆ ಬಲ ಕೊಟ್ಟಿತು.

ಆ ಚಳವಳಿಯ ಹಿಂದೆ ಕರ್ನಾಟಕದ ನಂಟಿರುವ ದಂಪತಿಯಿದ್ದಾರೆ. ಚಿನ್ನಿ ಕೃಷ್ಣ ಅವರ ತಂದೆ ಕ್ಯಾಪ್ಟನ್ ವಿ. ಸುಂದರಂ ವಿಮಾನ ಚಾಲಕರು, ಬೆಂಗಳೂರಿನ ಜಕ್ಕೂರಿನ ಸರಕಾರಿ ಹಾರಾಟ ಶಾಲೆಯನ್ನು ನಡೆಸಿದವರು. ತಾಯಿ ಉಷಾ ಸುಂದರಂ ಅದೇ ಶಾಲೆಯಲ್ಲಿ ಕಲಿತು ಪೈಲಟ್ ಆದವರು. 1951ರಲ್ಲಿ ಇಬ್ಬರೂ ಸೇರಿ ಲಂಡನ್ನಿನಿಂದ ಬೊಂಬಾಯಿಗೆ 27 ಗಂಟೆಗಳಲ್ಲಿ ವಿಮಾನ ತಂದು ದಾಖಲೆ ಬರೆದಿದ್ದರು. 1959ರಲ್ಲಿ ಮದ್ರಾಸಿನಲ್ಲಿ ಸುಂದರಂ ಬ್ಲೂ ಕ್ರಾಸ್ ಕಟ್ಟಿದರು. ಕೊಲ್ಲುವ ಬದಲು ಸಂತಾನಹರಣ ಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ ಅದೇ ಬೀದಿಗೆ ಬಿಡಿ ಎಂದು 1964ರಲ್ಲೇ ಪಾಲಿಕೆಗೆ ಹೇಳಿದರು. ಪಾಲಿಕೆ ಒಪ್ಪಿಕೊಳ್ಳಲು 1996 ಬರಬೇಕಾಯಿತು. 2001ರಲ್ಲಿ ಕೇಂದ್ರ ಸರಕಾರ ಅದನ್ನೇ ದೇಶಕ್ಕೆ ನಿಯಮ ಮಾಡಿತು.

ಈಗ ನಗರದಲ್ಲಿ ಬೀದಿನಾಯಿಗಳೆಷ್ಟು? 2018ರ ಗಣತಿ 57,366 ಎಂದಿತು. 2024ರ ಸಮೀಕ್ಷೆ 1.81 ಲಕ್ಷ ಎಂದಿತು. ಒಂದೊಂದು ನಾಯಿಗೆ ದಿನಕ್ಕೆ ಬರಿಯ 100 ಗ್ರಾಂ ಎಂದು ಲೆಕ್ಕ ಹಿಡಿದರೂ 18 ಟನ್ ಮಲ ಪ್ರತಿದಿನ ನಗರದ ನೆಲಕ್ಕೆ ಬೀಳುತ್ತದೆ. ಸಾಕುನಾಯಿಗಳದ್ದು ಇದಕ್ಕೆ ಸೇರಿಲ್ಲ. ಬರ್ಮಂಡ್ಸಿಯ ಹದಗಾರರ ಕಾಲವಾಗಿದ್ದರೆ ಇದು ಸಂಪತ್ತು. ಈಗ ಇದು ಕಸ, ಅದರಲ್ಲೂ ಯಾವ ಬಣ್ಣದ ಡಬ್ಬಕ್ಕೂ ಒಗ್ಗದ ಕಸ. ಹಸಿಕಸದ ಜೊತೆ ಗೊಬ್ಬರದ ಗುಂಡಿಗೆ ಹಾಕುವಂತಿಲ್ಲ. ರಾಶಿ ಸರಿಯಾಗಿ ಬಿಸಿಯೇರದಿದ್ದರೆ ದುಂಡುಹುಳುವಿನ ಮೊಟ್ಟೆ ಸಾಯುವುದಿಲ್ಲ, ಮಣ್ಣಿನಲ್ಲಿ ಅವು ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಆ ಮಣ್ಣಿನಲ್ಲಿ ಆಡಿದ ಮಗುವಿನ ಕೈ ಬಾಯಿಗೆ ಹೋದರೆ ಮರಿಹುಳು ಕಣ್ಣಿನವರೆಗೂ ಹೋಗಬಲ್ಲದು. ನಾಯಿಯ ಕೊಕ್ಕೆಹುಳು ಒದ್ದೆ ಮರಳಿನಿಂದ ಬರಿಗಾಲಿನ ಚರ್ಮ ಕೊರೆದು ಒಳಗೆ ಹರಿದಾಡುತ್ತದೆ. ಕಡಲತೀರದ ಊರಿಗೆ ಈ ಎಚ್ಚರ ಹೆಚ್ಚು ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದರೆ ಅದು ಉತ್ತರದ ಕೊಡುಂಗೈಯೂರಿಗೋ ಪಳ್ಳಿಕರಣೈ ಜೌಗಿನ ಪಕ್ಕದ ಪೆರುಂಗುಡಿಗೋ ಹೋಗಿ ಕಸದ ಗುಡ್ಡ ಸೇರುವ ದಾರಿ ಹಿಡಿಯುತ್ತದೆ. ಬೀದಿಯಲ್ಲೇ ಬಿಟ್ಟರೆ ಐಪ್ಪಸಿ ಕಾರ್ತಿಕದ ಹಿಂಗಾರು ಮಳೆ ಅದನ್ನು ಮಳೆನೀರಿನ ಚರಂಡಿಗೆ ತೊಳೆಯುತ್ತದೆ. ಅಲ್ಲಿಂದ ಕೂವಂ, ಅಡ್ಯಾರು ನದಿಗಳು, ಬಕಿಂಗ್‌ಹ್ಯಾಂ ಕಾಲುವೆ, ಕೊನೆಗೆ ಸಮುದ್ರ.

ಸರಿಯಾದ ದಾರಿ ಸರಳವಾಗಿಯೇ ಇದೆ. ಕಾಗದದಲ್ಲಿ ಎತ್ತಿ ಮನೆಯ ಶೌಚಾಲಯಕ್ಕೆ ಹಾಕಿ ನೀರು ಬಿಡುವುದು, ಚೀಲವನ್ನು ಮಾತ್ರ ಹಾಕದಿರುವುದು. ಮನುಷ್ಯರ ಮಲ ಹೋಗುವ ಒಳಚರಂಡಿಗೇ ಇದೂ ಹೋಗಲಿ. ಅಂಗಳವಿದ್ದವರು ಬಾವಿಯಿಂದಲೂ ಸೊಪ್ಪಿನ ಮಡಿಯಿಂದಲೂ ದೂರ, ಒಂದಡಿ ಆಳದಲ್ಲಿ ಹೂಳಬಹುದು. 2018ರ ದೆಹಲಿಯ ಘನತ್ಯಾಜ್ಯ ಉಪನಿಯಮ ಇದನ್ನೇ ಹೇಳುತ್ತದೆ. ಸಾಕುಪ್ರಾಣಿಯ ಮಲವನ್ನು ಯಜಮಾನ ಕೂಡಲೇ ಎತ್ತಬೇಕು, ಆದಷ್ಟೂ ತನ್ನದೇ ಮನೆಯ ಒಳಚರಂಡಿಗೆ ಸೇರಿಸಬೇಕು. ಮುಂಬೈ 2006ರ ಉಪನಿಯಮದಲ್ಲೇ 500 ರೂಪಾಯಿ ದಂಡ ಇಟ್ಟಿತ್ತು.

ಬೇರೆ ದೇಶಗಳೂ ಈ ಹಾದಿಯಲ್ಲಿ ಎಡವಿಯೇ ಕಲಿತವು. ನ್ಯೂಯಾರ್ಕ್ 1978ರ ಆಗಸ್ಟ್ 1ರಿಂದ ಯಜಮಾನರೇ ಎತ್ತಬೇಕೆಂಬ ಕಾನೂನು ತಂದಿತು. ಜನ ಗೊಣಗಿದರು, ಆಮೇಲೆ ಎತ್ತತೊಡಗಿದರು. ಅಮೆರಿಕದ ಹಿತ್ತಿಲುಗಳಲ್ಲಿ ವಾರಕ್ಕೊಮ್ಮೆ ಬಂದು ನಾಯಿಮಲ ಎತ್ತಿಕೊಂಡು ಹೋಗುವ ಸಣ್ಣ ಸಣ್ಣ ಕಂಪನಿಗಳು ಹುಟ್ಟಿದವು. ಕೂಲಿ ನಿಗದಿಯಾದ, ಕೈಗವಸು ಬೂಟು ಹಾಕಿದ, ಯಾರೂ ಕೀಳಾಗಿ ನೋಡದ ವೃತ್ತಿ ಅದು. ಪ್ಯಾರಿಸ್ ಬೇರೆ ದಾರಿ ಹಿಡಿಯಿತು. ಮಲ ಹೀರುವ ಯಂತ್ರ ಕಟ್ಟಿದ ಮೋಟಾರ್‌ಸೈಕಲ್ಲುಗಳನ್ನು 1982ರಲ್ಲಿ ಬೀದಿಗಿಳಿಸಿತು. ಯಜಮಾನರು ಇನ್ನಷ್ಟು ನಿಶ್ಚಿಂತರಾದರು, ಬೀದಿ ಸ್ವಚ್ಛವಾಗಲಿಲ್ಲ. 2004ಕ್ಕೆ ಆ ಗಾಡಿಗಳನ್ನು ನಿಲ್ಲಿಸಿ ದಂಡಕ್ಕೆ ಮರಳಬೇಕಾಯಿತು.

ಚೆನ್ನೈಯಲ್ಲಿ ಪ್ಯಾರಿಸ್ಸಿನ ಯಂತ್ರದ ಜಾಗದಲ್ಲಿ ಮನುಷ್ಯರಿದ್ದಾರೆ. ‘ತೂಯ್ಮೈ ಪಣಿಯಾಳರ್’ ಎಂದು ಸರಕಾರಿ ಕಾಗದದಲ್ಲಿ ಬರೆಯುವ, ನಮ್ಮಲ್ಲಿ ಪೌರಕಾರ್ಮಿಕರೆನ್ನುವ ಜನ. ಅವರಲ್ಲಿ ಬಹುಪಾಲು ದಲಿತರು, ಅದರಲ್ಲೂ ಅರುಂಧತಿಯರು, ತೆಲುಗು ಮನೆಮಾತಿನ ಆದಿ ಆಂಧ್ರರು. ಅರುಂಧತಿಯರ ಕುಲಕಸುಬೆಂದು ಊರು ಹೇರಿದ್ದು ತೊಗಲಿನ ಕೆಲಸ. ತೊಗಲು ಕಾರ್ಖಾನೆಗಳ ಪಾಲಾದ ಮೇಲೆ ಅದೇ ಕೈಗಳಿಗೆ ನಗರ ಪೊರಕೆ ಕೊಟ್ಟಿತು. ಕರ್ನಾಟಕದ ಪೌರಕಾರ್ಮಿಕರಲ್ಲಿ ಮಾದಿಗರು ಎಷ್ಟು ಮಂದಿ ಎಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. 1993ರಲ್ಲಿ, ಮತ್ತೆ 2013ರಲ್ಲಿ ಸಂಸತ್ತು ಕಾನೂನು ಮಾಡಿತು. ಕೆಜಿಎಫ್‌ನ ಬೆಜವಾಡ ವಿಲ್ಸನ್ ಬದುಕನ್ನೇ ಆ ಹೋರಾಟಕ್ಕೆ ಕೊಟ್ಟು 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಅವೆಲ್ಲವೂ ಮನುಷ್ಯರ ಮಲದ ಕುರಿತವು. ಇನ್ನೊಬ್ಬರು ಮುದ್ದಿನಿಂದ ಸಾಕಿದ ನಾಯಿಯ ಮಲವನ್ನು ಬರಿಗೈಯಲ್ಲಿ ಹಿಡಿದ ಪೊರಕೆಯಿಂದ ಎತ್ತುವವಳು ಆ ಕಾನೂನುಗಳ ಕಣ್ಣಿಗೆ ಬೀಳುವುದಿಲ್ಲ.

ಬರ್ಮಂಡ್ಸಿಯ ಮುದುಕಿಗೆ ಬಕೆಟ್ಟಿಗಿಷ್ಟು ಎಂದು ಸಿಗುತ್ತಿತ್ತು. ಚೆನ್ನೈಯ ಕೆಲಸಗಾರ್ತಿಗೆ ಇದಕ್ಕೆಂದು ಒಂದು ಕಾಸೂ ಇಲ್ಲ. ಇದ್ದ ಕೆಲಸದ ಭದ್ರತೆಯೂ ಕರಗುತ್ತಿದೆ. 2000ದಲ್ಲಿ ಮೂರು ವಲಯಗಳ ಕಸ ಖಾಸಗಿ ಕಂಪನಿಯ ಕೈಗೆ ಹೋಯಿತು, ಅಲ್ಲಿಂದ ಗುತ್ತಿಗೆದಾರರು ಬದಲಾಗುತ್ತ ಬಂದಿದ್ದಾರೆ. 2025ರ ಆಗಸ್ಟಿನಲ್ಲಿ ರಾಯಪುರಂ, ತಿರು ವಿ ಕ ನಗರ ವಲಯಗಳನ್ನೂ ಖಾಸಗಿಗೆ ಕೊಟ್ಟಾಗ ಕೆಲಸಗಾರರು ಪಾಲಿಕೆಯ ರಿಪ್ಪನ್ ಕಟ್ಟಡದ ಮುಂದೆ ಪಾದಚಾರಿ ಹಾದಿಯಲ್ಲೇ 13 ದಿನ ಕೂತರು. ಮುಂದಿನ ಸಾಲಿನಲ್ಲಿ ಹೆಂಗಸರೇ ಹೆಚ್ಚು. ಪೊಲೀಸರು ನಡುರಾತ್ರಿ ಅವರನ್ನು ಎಬ್ಬಿಸಿ ಕರೆದೊಯ್ದರು.

ಸಾಕುನಾಯಿಗಳ ಮೇಲೆ ಪಾಲಿಕೆಯ ಕಣ್ಣು ಬಿದ್ದದ್ದು ಇನ್ನೊಂದು ಕಾರಣಕ್ಕೆ. 2024ರ ಮೇ ತಿಂಗಳಲ್ಲಿ ನುಂಗಂಬಾಕ್ಕಂ ಬಳಿಯ ಪಾಲಿಕೆ ಉದ್ಯಾನದಲ್ಲಿ ಎರಡು ರಾಟ್‌ವೈಲರ್‌ಗಳು ಐದು ವರ್ಷದ ಮಗುವಿನ ಮೇಲೆ ಎರಗಿದವು. ಅದಾದ ಮೇಲೆ ಲೈಸೆನ್ಸಿನ ಮಾತು ಬಿಗಿಯಾಯಿತು. 2025ರ ಕೊನೆಯ ಹೊತ್ತಿಗೆ ಮೈಕ್ರೋಚಿಪ್ಪು, ಲಸಿಕೆಯ ಚೀಟಿ, ಲೈಸೆನ್ಸು ಕಡ್ಡಾಯವಾಗಿ, ಇಲ್ಲದವರಿಗೆ 5,000 ರೂಪಾಯಿ ದಂಡ ಗೊತ್ತಾಯಿತು. ಗಡುವು ಮುಂದಕ್ಕೆ ಹೋಗುತ್ತಿದ್ದಂತೆ ನಗರದ ಲಸಿಕೆ ಕೇಂದ್ರಗಳ ಮುಂದೆ ನಾಯಿ ಹಿಡಿದವರ ಸಾಲು ಬೆಳೆಯಿತು. ಯಾರ ನಾಯಿ ಯಾವುದು ಎಂದು ಪಾಲಿಕೆಯ ಬಳಿ ದಾಖಲೆ ಸಿದ್ಧವಾಗುತ್ತಿದೆ. ನಾಯಿಮಲಕ್ಕೆ ಯಜಮಾನನನ್ನು ಹೊಣೆ ಮಾಡಲು ಬೇಕಾದ ಮೊದಲ ಮೆಟ್ಟಿಲು ಅದೇ.

ಎರಡನೆಯ ಮೆಟ್ಟಿಲನ್ನು ತಮಿಳುನಾಡಿನ ಹದಗೇರಿಗಳೇ ಕಟ್ಟಿಕೊಟ್ಟಿವೆ. ಪಾಲಾರ್ ನದಿಗೆ ತೊಗಲಿನ ಕೊಳಚೆ ಬಿಟ್ಟ ವೆಲ್ಲೂರು, ಆಂಬೂರು, ವಾಣಿಯಂಬಾಡಿ ಕಡೆಯ ಕಾರ್ಖಾನೆಗಳ ವಿರುದ್ಧ ವೆಲ್ಲೂರು ನಾಗರಿಕರ ವೇದಿಕೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಆಗಸ್ಟ್ 28ರಂದು ತೀರ್ಪು ಕೊಟ್ಟಿತು. ಮಲಿನ ಮಾಡಿದವನೇ ಅದನ್ನು ಶುಚಿ ಮಾಡುವ ಖರ್ಚು ಹೊರಬೇಕು ಎಂಬ ತತ್ತ್ವ ಈ ದೇಶದ ಕಾನೂನಿನ ಭಾಗವೆಂದು ಅದು ಸಾರಿತು. ಪ್ರತಿ ಹದಗೇರಿಗೆ 10,000 ರೂಪಾಯಿ ದಂಡ ಹಾಕಿ, ಪರಿಸರದ ಮೊಕದ್ದಮೆಗಳಿಗೆಂದೇ ಮದ್ರಾಸು ಹೈಕೋರ್ಟಿನಲ್ಲಿ ಪ್ರತ್ಯೇಕ ಪೀಠ ರಚಿಸಲು ಹೇಳಿತು. ಹದಗೇರಿಯ ಮಾಲೀಕನಿಗೆ ಅನ್ವಯಿಸುವ ಮಾತು ಬೀಗಲ್ ಸಾಕಿದವನಿಗೆ ಏಕೆ ಅನ್ವಯಿಸಬಾರದು? ಲೈಸೆನ್ಸ್ ಕೊಡುವಾಗಲೇ ಮಲ ಎತ್ತುವ ಹೊಣೆಯನ್ನು ಬರೆದು ಸಹಿ ಹಾಕಿಸಿಕೊಳ್ಳಬಹುದು. ತಾವೇ ಎತ್ತಲಾಗದ ಅಪಾರ್ಟ್‌ಮೆಂಟುಗಳು ಲೈಸೆನ್ಸ್ ಶುಲ್ಕಕ್ಕೆ ಹೊರತಾಗಿ ಹಣ ಕಟ್ಟಿ ಈ ಕೆಲಸಕ್ಕೆಂದೇ ಜನರನ್ನು ಇಟ್ಟುಕೊಳ್ಳಬಹುದು. ಹಾಗೆ ಇಟ್ಟುಕೊಂಡವರಿಗೆ ಉದ್ದ ಹಿಡಿಕೆಯ ಸಲಿಕೆ, ಕೈಗವಸು, ತಿಂಗಳ ಸಂಬಳ, ಆರೋಗ್ಯ ವಿಮೆ ಇರಬೇಕು. ಉದ್ಯಾನಗಳ ಮೂಲೆಯಲ್ಲಿ ಒಳಚರಂಡಿಗೆ ಸೇರಿಸಿದ ಮುಚ್ಚಳದ ಗುಂಡಿಯೊಂದನ್ನು ಪಾಲಿಕೆ ಕಟ್ಟಿಸಿದರೆ ಎತ್ತಿದ್ದನ್ನು ಹಾಕಲು ಜಾಗವೂ ಸಿಗುತ್ತದೆ. ಇದಕ್ಕೆ ಹೊಸ ವಿಜ್ಞಾನ ಬೇಕಿಲ್ಲ, ಹೊಸ ಕಾನೂನೂ ಹೆಚ್ಚು ಬೇಕಿಲ್ಲ. ಬೀದಿ ಗುಡಿಸುವವಳ ದಿನದ ಕೆಲಸದಿಂದ ಈ ಒಂದು ಕೆಲಸವನ್ನು ಹೆಸರು ಹಿಡಿದು ಹೊರಗೆ ತೆಗೆಯುವ ಆದೇಶವೊಂದು ರಿಪ್ಪನ್ ಕಟ್ಟಡದಿಂದ ಹೊರಡಬೇಕು.